ಪದ್ಮಕ್ಕನ ಕಂಪ್ಯೂಟರಿಗೆ ನನ್ನ ಸಾಫ್ಟ್‌ವೇರ್ ಹಾಕಿದ್ದು

ನಾನು ಬರೆದ ಸಾಫ್ಟ್‌ವೇರ್ ನಮ್ಮ ಮನೆಯಲ್ಲಿ ಒಂದು ದಿನವೂ ಕೈಕೊಟ್ಟದ್ದಿಲ್ಲ. ಈ ಮಾತನ್ನು ಎದೆ ತಟ್ಟಿಕೊಂಡು ಹೇಳಬಲ್ಲೆ. ಅದು ನಮ್ಮ ಹೊಸ್ತಿಲು ದಾಟಿದ ಮೇಲೆ ಏನಾಯಿತೆಂಬುದನ್ನು ಮಾತ್ರ ಸ್ವಲ್ಪ ತಗ್ಗಿದ ದನಿಯಲ್ಲಿ ಹೇಳಬೇಕಾಗಿದೆ.

ಆಫೀಸಿನ ಕಂಪ್ಯೂಟರ್ ವಿಭಾಗದಲ್ಲಿ ಆಯುಷ್ಯ ಸವೆಸಿ ನಿವೃತ್ತನಾದವನು ನಾನು. ಸುಮ್ಮನೆ ಕೂರಲಾರದೆ ಹಾಡಿನ ಪುಸ್ತಕ ತಯಾರಿಸುವ ಒಂದು ಸಾಫ್ಟ್‌ವೇರ್ ಬರೆದೆ. ಹಾಡುಗಳನ್ನು ಅದರೊಳಗೆ ಸುರಿದರೆ ಸಾಕು, ಅಕಾರಾದಿಯಾಗಿ ಜೋಡಿಸಿ, ಪರಿವಿಡಿ ಬರೆದು, ಪುಟ ಕಟ್ಟಿ ಕೊಡುತ್ತದೆ. ಕಾಣುವ ಪರದೆಯನ್ನು ಇತ್ತೀಚೆಗೆ ಕಲಿತ ಒಂದು ಕಂಪ್ಯೂಟರ್ ಭಾಷೆಯಲ್ಲಿ ಬರೆದಿದ್ದೆ. ಜೋಡಿಸುವ ಕೆಲಸವನ್ನು ಮದುವೆಗೆ ಮುಂಚೆ ಕಲಿತ ಹಳೆಯ ‘ಸಿ’ಯಲ್ಲಿ, ಮುದ್ರಣದ ಭಾಗವನ್ನು ಯೂಟ್ಯೂಬ್ ನೋಡಿ ಕಲಿತ ಪೈಥಾನಿನಲ್ಲಿ!

“ಒಂದು ಸಾಫ್ಟ್‌ವೇರಿಗೆ ಮೂರು ಭಾಷೆ ಯಾಕ್ರೀ?” ಎಂದಳು ನನ್ನ ಹೆಂಡತಿ ಸುಮಿತ್ರಾ.

“ಒಂದೊಂದಕ್ಕೂ ಒಂದೊಂದು ಗುಣ ಇರುತ್ತೆ ಕಣೆ.”

“ನಿಮಗೆ ಯಾವ್ದೂ ಪೂರ್ತಿ ಬರಲ್ಲ ಅಂತ ಹೇಳಿ.”

ವಿದ್ವಾಂಸರಿಗೆ ಮನೆಯಲ್ಲಿ ಮರ್ಯಾದೆ ಕಡಿಮೆ.

ಎನ್.ಆರ್. ಕಾಲೋನಿಯ ನಮ್ಮ ಬೀದಿಯಲ್ಲೇ, ಮೂರು ಮನೆ ಆಚೆ, ಪದ್ಮಕ್ಕ ಇದ್ದಾರೆ. ಎಪ್ಪತ್ತು ದಾಟಿದವರು, ಸುಮಿತ್ರಾಳ ಭಜನಾ ಮಂಡಳಿಗೆ ಅವರೇ ಹಿರಿಯರು. ತಮ್ಮ ತಾಯಿ ಹೇಳುತ್ತಿದ್ದ ನೂರಕ್ಕೂ ಹೆಚ್ಚು ದೇವರನಾಮಗಳನ್ನು ನೆನಪು ಮಾಡಿಕೊಂಡು, ಒಂದೇ ಬೆರಳಿನಲ್ಲಿ, ಎರಡು ವರ್ಷ ಕೂತು ಟೈಪ್ ಮಾಡಿದ್ದರು. ಭಾನುವಾರ ಅವರ ಅಕ್ಕ ಭಜನೆಗೆ ಬರುವವರಿದ್ದರು. ಅಕ್ಕನ ಕೈಗೆ ಅಮ್ಮನ ಹಾಡಿನ ಪುಸ್ತಕ ಇಡಬೇಕೆಂಬುದೊಂದೇ ಪದ್ಮಕ್ಕನ ಆಸೆ.

“ಅಕ್ಕನಿಗೆ ಎಂಬತ್ತೈದಾಯ್ತು ರಘು. ಮತ್ತೆ ಯಾವಾಗ ಬರ್ತಾಳೋ ಏನೋ. ಭಾನುವಾರಕ್ಕೆ ಆಗುತ್ತೆ ತಾನೇ?”

“ಅರ್ಧ ಗಂಟೆ ಸಾಕು ಪದ್ಮಕ್ಕ. ನೀವು ಕಾಫಿ ಮಾಡೋಷ್ಟರಲ್ಲಿ ಮುಗಿಸ್ತೀನಿ,” ಎಂದೆ.

ಶನಿವಾರ ಬೆಳಿಗ್ಗೆ ಪೆನ್ ಡ್ರೈವ್ ಜೇಬಿಗೆ ಹಾಕಿಕೊಂಡು ಅವರ ಮನೆಗೆ ಹೊರಟೆ. ಇನ್‌ಸ್ಟಾಲರ್ ಶುರುವಾಯಿತು. ಯಾವ ಫೋಲ್ಡರಿನಲ್ಲಿ ಹಾಕಲಿ ಎಂದು ವಿನಯದಿಂದ ಕೇಳಿತು.

“ಶುಭಕಾರ್ಯ ಕಣಪ್ಪ, ಮೊದಲು ‘ಶ್ರೀ’ ಅಂತ ಬರಿ,” ಎಂದರು ಪದ್ಮಕ್ಕ.

ಸರಿಯೇ! ನಮ್ಮಲ್ಲಿ ಕಿರಾಣಿ ಚೀಟಿಗೂ ನೆತ್ತಿಯ ಮೇಲೆ ‘ಶ್ರೀ’ ಬೇಕು. ಕನ್ನಡದಲ್ಲಿ ದುಂಡಗೆ ‘ಶ್ರೀ’ ಎಂದು ಟೈಪಿಸಿದೆ. ‘ಈ ಹೆಸರಿನ ಫೋಲ್ಡರ್ ಆಗಲೇ…’ ಎಂದು ಶುರುಮಾಡಿ ಕಂಪ್ಯೂಟರ್ ಇನ್ನೇನೋ ಕೇಳಿತು. ಕಂಪ್ಯೂಟರ್ ಕೇಳುವ ಪ್ರಶ್ನೆಯನ್ನು ಪೂರ್ತಿ ಓದದೆ ‘ಯೆಸ್’ ಒತ್ತುವುದು ನನ್ನ ಇಡೀ ವೃತ್ತಿಜೀವನದ ಅಭ್ಯಾಸ. ಒತ್ತಿದೆ.

ಸಾಫ್ಟ್‌ವೇರ್ ತೆರೆದುಕೊಳ್ಳಲಿಲ್ಲ. ಪೈಥಾನ್ ಇಲ್ಲ ಎಂದಿತು. ಇರುವುದಾದರೂ ಹೇಗೆ? ಅದು ನಮ್ಮ ಮನೆಯ ಕಂಪ್ಯೂಟರಿನಲ್ಲಿತ್ತು! ಇಳಿಸಿಕೊಂಡು ಹಾಕಿದೆ. ಈಗ ‘ಸಿ’ ಭಾಗಕ್ಕೆ ಬೇಕಾದ ಇನ್ನೊಂದು ಫೈಲ್ ಇಲ್ಲ ಎಂದಿತು. ಅದನ್ನೂ ಹಾಕಿದೆ. ಕಂಪ್ಯೂಟರನ್ನು ಆಫ್ ಮಾಡಿ ಆನ್ ಮಾಡಿದರೆ, ಅದು ಇದೇ ಸುಸಮಯವೆಂದು ತನ್ನ ಅಪ್‌ಡೇಟ್ ಹಾಕಿಕೊಳ್ಳಲು ಕೂತಿತು. ಎರಡು ಸಲ ಕಾಫಿ ಆಯಿತು, ಒಂದು ತಟ್ಟೆ ಅವರೆಕಾಳು ಉಪ್ಪಿಟ್ಟು ಆಯಿತು. ನಿಜ ಹೇಳಬೇಕೆಂದರೆ ಉಪ್ಪಿಟ್ಟಿನ ಹೊತ್ತಿನಲ್ಲಿ ನನಗೆ ಜೀವನದ ಬಗ್ಗೆ ಯಾವ ದೂರೂ ಇರಲಿಲ್ಲ.

ಮೂರನೆಯ ಸಲ ಪರದೆ ತೆರೆದುಕೊಂಡಿತು. ಪದ್ಮಕ್ಕ ಕೈ ಮುಗಿದರು. ಮರುಕ್ಷಣವೇ ‘ಫೈಲ್ ಸಿಗುತ್ತಿಲ್ಲ’ ಎಂದಿತು. ಈಗಷ್ಟೇ ನಾನೇ ಹಾಕಿದ, ಕಣ್ಣೆದುರಿಗೇ ಇರುವ ಫೈಲು! ಬೆರಳಿಟ್ಟು ತೋರಿಸಿದೆ. ಕಂಪ್ಯೂಟರಿಗೆ ಬೆರಳಿಟ್ಟು ತೋರಿಸಿದ ಮೊದಲ ಇಂಜಿನಿಯರ್ ನಾನೇ ಇರಬೇಕು.

ತಲೆ ಕೆರೆದುಕೊಂಡು ಬಹಳ ಹೊತ್ತಿಗೆ ಹೊಳೆಯಿತು. ಪರದೆಯ ಭಾಷೆಗೆ ಕನ್ನಡದ ‘ಶ್ರೀ’ ಓದಲು ಬರುತ್ತದೆ. ನಾನು ಬರೆದ ಹಳೆಯ ‘ಸಿ’ ಭಾಗಕ್ಕೆ ಇಂಗ್ಲಿಷ್ ಅಕ್ಷರ ಬಿಟ್ಟು ಬೇರೇನೂ ಗೊತ್ತಿಲ್ಲ. ಅದು ಪಾಪ, ಬಾಗಿಲ ಬಳಿಯೇ ನಿಂತುಬಿಟ್ಟಿತ್ತು.

“ಇದನ್ನ ತೆಗೆದು ಇಂಗ್ಲಿಷ್ ಹೆಸರಿನ ಫೋಲ್ಡರಲ್ಲಿ ಹಾಕ್ಬೇಕು ಪದ್ಮಕ್ಕ.”

“‘ಶ್ರೀ’ ತೆಗೀತೀಯಾ? ಬೇಡ ಕಣೋ, ನನಗ್ಯಾಕೋ ಸರಿ ಕಾಣಲ್ಲ.”

“ಸಾಫ್ಟ್‌ವೇರಿಗೂ ಶಾಸ್ತ್ರಕ್ಕೂ ಏನು ಸಂಬಂಧ? ಮನಸ್ಸಲ್ಲಿ ಹೇಳ್ಕೊಳ್ಳಿ ಸಾಕು,” ಎಂದು, ಹಾಕಿದ್ದನ್ನು ತೆಗೆಯುವ ‘ಅನ್‌ಇನ್‌ಸ್ಟಾಲ್’ ಒತ್ತಿದೆ. ಬೆಳಗಿನಿಂದ ಏನೂ ಇಷ್ಟು ಬೇಗ ಆಗಿರಲಿಲ್ಲ. ಚಿಟಿಕೆ ಹೊಡೆಯುವಷ್ಟರಲ್ಲಿ ಎಲ್ಲ ಸ್ವಚ್ಛ! ಹೊಸ ಫೋಲ್ಡರಿನಲ್ಲಿ ಹಾಕಿದೆ. ಮೂರೂ ಭಾಷೆಗಳು ಅಣ್ಣತಮ್ಮಂದಿರಂತೆ ಹೊಂದಿಕೊಂಡು ಎದ್ದು ನಿಂತವು.

“ನೋಡಿದ್ರಾ! ಈಗ ಹೇಳಿ, ಹಾಡುಗಳನ್ನ ಎಲ್ಲಿಟ್ಟಿದೀರಿ?”

“‘ಶ್ರೀ’ಯಲ್ಲಿ.”

“ಯಾವ ಶ್ರೀ?”

“ಇರೋದೇ ಒಂದು ‘ಶ್ರೀ’ ಅಲ್ವೇನಪ್ಪ? ಬರೆಯೋಕೆ ಶುರು ಮಾಡಿದ ದಿನ ನಾನೇ ಮಾಡಿದ್ದು. ನೀನೂ ಅದರಲ್ಲೇ ಹಾಕ್ದೆಯಲ್ಲ.”

ಆ ಫೋಲ್ಡರನ್ನು ಬುಡಸಮೇತ ಕಿತ್ತು ಹಾಕಿದ್ದೆ. ಅಳಿಸಿದ್ದು ಹೋಗಿ ಬೀಳುವ ರೀಸೈಕಲ್ ಬಿನ್ ನೋಡಿದೆ, ಖಾಲಿ. ಎರಡು ವರ್ಷದ ಕೆಲಸ ನನ್ನ ಒಂದು ಒತ್ತಿಗೆ ಹೋಗಿತ್ತು. ವಿಷಯ ತಿಳಿಸಿದಾಗ ಪದ್ಮಕ್ಕ ಬೈಯಲಿಲ್ಲ. ಸೆರಗಿನಿಂದ ಕನ್ನಡಕ ಒರೆಸಿಕೊಂಡು, “ಹೋಗ್ಲಿ ಬಿಡು ರಘು, ನಿನಗೆ ಇನ್ನೊಂಚೂರು ಕಾಫಿ ಹಾಕ್ಲಾ?” ಎಂದರು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಸುಮಿತ್ರಾಗೆ ಫೋನ್ ಮಾಡಿದೆ. ಒಗ್ಗರಣೆ ಬಿಟ್ಟು ಓಡಿ ಬಂದಳು. ನನ್ನ ಮುಖ ನೋಡಿದಳು, ಪದ್ಮಕ್ಕನ ಮುಖ ನೋಡಿದಳು, ತನ್ನ ಮೊಬೈಲ್ ತೆಗೆದಳು.

“ಪದ್ಮಕ್ಕ, ನೀವು ಒಂದೊಂದು ಹಾಡು ಟೈಪ್ ಮಾಡಿದಾಗ್ಲೂ ತಪ್ಪು ನೋಡೋಕೆ ಅಂತ ಮಂಡಳಿ ವಾಟ್ಸಾಪ್ ಗ್ರೂಪಿಗೆ ಕಳಿಸ್ತಿದ್ರಲ್ಲ? ಎಲ್ಲಾ ಇಲ್ಲೇ ಇದೆ!”

“ಅಯ್ಯೋ ನನ್ನ ತಾಯೀ!” ಎಂದರು ಪದ್ಮಕ್ಕ. ನಾನೂ ಅದನ್ನೇ ಅಂದೆ.

ದಿನವಿಡೀ ಟಿಂಗ್ ಟಿಂಗ್ ಎನ್ನುವ ಆ ಗ್ರೂಪಿನ ಬಗ್ಗೆ ನಾನು ಆಡಿದ ಮಾತುಗಳನ್ನು ಇಲ್ಲಿ ಬರೆಯುವುದಿಲ್ಲ. ಹೆಂಗಸರಿಬ್ಬರೂ ಕೂತು ಹಾಡುಗಳನ್ನು ಒಂದರ ಕೆಳಗೊಂದು ಅಂಟಿಸುತ್ತಾ ಹೋದರು. ನಾನು ಕೆಮ್ಮಿ, “ಅಕಾರಾದಿ ಜೋಡಿಸೋಕೆ ನನ್ನ ಸಾಫ್ಟ್‌ವೇರ್ ಈಗ ರೆಡಿ ಇದೆ…” ಎಂದೆ.

“ಅಕಾರಾದಿ ಯಾಕ್ರೀ? ಮೊದಲು ಗಣಪತಿ, ಕೊನೇಲಿ ಮಂಗಳ. ನಿಮ್ಮ ಲೆಕ್ಕದಲ್ಲಿ ಮಂಗಳ ಮಧ್ಯದಲ್ಲೇ ಬಂದ್ಬಿಡುತ್ತೆ. ಅರ್ಧ ಭಜನೇಲಿ ಆರತಿ ಎತ್ತಿ ಎಲ್ಲರನ್ನೂ ಮನೆಗೆ ಕಳಿಸೋಣ್ವಾ?”

ಇಷ್ಟು ತಿಂಗಳು ಬೆವರು ಸುರಿಸಿದರೂ ಇದು ನನಗೆ ಹೊಳೆದಿರಲಿಲ್ಲ. ಸಂಜೆ ಗಾಂಧಿ ಬಜಾರಿನ ಜೆರಾಕ್ಸ್ ಅಂಗಡಿಯಿಂದ ಪುಸ್ತಕಗಳ ಚೀಲ ಹೊತ್ತು ತಂದೆ. ಅಷ್ಟು ಕೆಲಸವನ್ನು ತಪ್ಪಿಲ್ಲದೆ ಮಾಡಿದೆ.

ಭಾನುವಾರ ಅಕ್ಕ ಪುಸ್ತಕ ಬಿಡಿಸಿದರು. ಎರಡನೆಯ ಪುಟದಲ್ಲೇ ನಿಂತು, “ಇದು ಅಮ್ಮ ಹೂ ಕಟ್ತಾ ಹೇಳ್ತಿದ್ದದ್ದು ಕಣೆ ಪದ್ಮಾ,” ಎಂದು ಮೆಲ್ಲಗೆ ಹಾಡತೊಡಗಿದರು. ಪದ್ಮಕ್ಕ ದನಿಗೂಡಿಸಿದರು. ಹಿಂದೆ ಕೂತಿದ್ದ ನನಗೂ ಸಂತೋಷವಾಯಿತು. ಹಾಡು ಮುಗಿದ ಮೇಲೆ ಅಕ್ಕ ನನ್ನ ಕಡೆ ತಿರುಗಿ, ಇವರೇನು ಮಾಡಿಕೊಂಡಿದ್ದಾರೆ ಎಂದು ಕೇಳಿದರು.

“ನಮ್ಮ ರಘು ಸಾಫ್ಟ್‌ವೇರ್ ಬರೀತಾನೆ ಅಕ್ಕ,” ಎಂದರು ಪದ್ಮಕ್ಕ, ಪ್ರೀತಿಯಿಂದಲೇ. “ಹಾಕೋಕೆ ಸ್ವಲ್ಪ ಕಷ್ಟ. ಆದ್ರೆ ತೆಗೆಯೋ ಭಾಗ ಇದೆ ನೋಡು, ಎಷ್ಟು ಚೆನ್ನಾಗಿ ಬರೆದಿದಾನೆ ಅಂತೀಯ! ಒಂದೇ ಏಟಿಗೆ ಎಲ್ಲಾ ಹೋಗುತ್ತೆ.”

ಎಲ್ಲರೂ ನನ್ನ ಕಡೆ ಮೆಚ್ಚುಗೆಯಿಂದ ನೋಡಿದರು. ನಾನೂ ವಿನಯದಿಂದ ತಲೆ ಬಾಗಿಸಿದೆ. ಆ ಒಂದು ಭಾಗ ಮಾತ್ರ ನಾನು ಬರೆದದ್ದಲ್ಲ, ಇಂಟರ್‌ನೆಟ್ಟಿನಲ್ಲಿ ಪುಕ್ಕಟೆ ಸಿಕ್ಕಿದ್ದು!