ಮಗ್ಗದ ಕೋಲಿಗೆ ಸಿಕ್ಕಿಸಿದ ತೆಂಗಿನಕಾಯಿ

ಸುಳ್ಳು ಅಂತೀರಾ? ಅನ್ನಿ, ಅನ್ನಿ. ನೀವೊಬ್ಬರೇ ಅಲ್ಲ ಸ್ವಾಮಿ, ನನ್ನ ಹೆಂಡತಿ ತಂಗಮಣಿಯೂ ಹಾಗೇ ಅನ್ನುತ್ತಾಳೆ. ಆದರೆ ಹಿಂದೊಂದು ವರ್ಷ ನಮ್ಮೂರು ಸೋಮನೂರಿನಲ್ಲಿ ನಾನು ಸುಡುತ್ತಿದ್ದ ತೆಂಗಿನಕಾಯಿ ‘ಢಂ’ ಎಂದು ಬಿರಿದಾಗ, ಅಷ್ಟು ದೂರದ ಪೋತ್ತನೂರು ಜಂಕ್ಷನ್ನಿನಲ್ಲಿ ನಿಂತಿದ್ದ ಗೂಡ್ಸ್ ಗಾಡಿ ಬೆಚ್ಚಿಬಿದ್ದು, ಸಿಗ್ನಲ್ಲಿಗೂ ಕಾಯದೆ ಹೊರಟುಹೋದದ್ದು ಮಾತ್ರ ಸತ್ಯ. ಸಾಕ್ಷಿಗೆ ಗಾಡಿಯನ್ನೇ ಕರೆಸೋಣ ಎಂದರೆ ಅದು ಇನ್ನೂ ವಾಪಸ್ ಬಂದಿಲ್ಲ.

ತೆಂಗಿನಕಾಯಿ ಯಾಕೆ ಸುಡಬೇಕು ಅಂತೀರಾ? ಒಳ್ಳೆ ಕಥೆ! ಆಡಿ ತಿಂಗಳ (ನಿಮ್ಮ ಆಷಾಢ ಅಂದುಕೊಳ್ಳಿ) ಮೊದಲ ದಿನ ನಮ್ಮ ಕಡೆ ಮನೆಮನೆಯಲ್ಲೂ ಸುಡುತ್ತಾರೆ. ಕಾಯಿಯ ಕಣ್ಣು ಚುಚ್ಚಿ, ಸ್ವಲ್ಪ ನೀರು ಚೆಲ್ಲಿ, ಒಳಗೆ ಬೆಲ್ಲ, ಎಳ್ಳು, ಹುರಿಗಡಲೆ, ಅವಲಕ್ಕಿ ತುಂಬಿ, ಆ ಕಣ್ಣಿಗೇ ಕೋಲು ಸಿಕ್ಕಿಸಿ ಬೆಂಕಿಗೆ ಹಿಡಿಯುವುದು. ಚಿಪ್ಪು ಬಿರಿದರೆ ಅಡಿಗೆ ಆಯಿತು. ಪಾತ್ರೆಯೂ ಅದೇ, ಮುಚ್ಚಳವೂ ಅದೇ, ಪದಾರ್ಥವೂ ಅದೇ!

ಈ ಸಲ ಆ ದಿನಕ್ಕೆ ಸರಿಯಾಗಿ ನಮ್ಮ ಮೊಮ್ಮಗಳು ಧರಣಿ (ತಿರುಪ್ಪೂರಿನ ಬನಿಯನ್ ಕಂಪನಿಯಲ್ಲಿ ಕೆಲಸ) ನಮ್ಮೆಲ್ಲರನ್ನೂ ಕ್ಯಾಂಪಿಂಗಿಗೆ ಹೊರಡಿಸಿದಳು. ಕಿಣತ್ತುಕಡವಿನ ಆಚೆ ಯಾರದೋ ತೆಂಗಿನ ತೋಟ, ಅದರಲ್ಲಿ ಟೆಂಟು. ಮನೆಯಲ್ಲಿ ಫ್ಯಾನಿನ ಕೆಳಗೆ ಮಲಗಿದವರನ್ನು ಎಬ್ಬಿಸಿ ಸೊಳ್ಳೆಗಳಿಗೆ ಪರಿಚಯ ಮಾಡಿಸುವ ಕಾರ್ಯಕ್ರಮಕ್ಕೆ ಹಾಗೆನ್ನುತ್ತಾರೆ. ಬೆಂಕಿಯ ಮೇಲೆ ಸುಲಭವಾಗಿ ಮಾಡುವ ಅಡಿಗೆಗಳನ್ನೆಲ್ಲ ಅವಳು ಫೋನಿನಲ್ಲಿ ನೋಡಿಟ್ಟಿದ್ದಳು. ಕೆಂಡದ ಜೋಳ, ಬೂದಿಯ ಗೆಣಸು, ಬಾಳೆಹಣ್ಣು ಸೀಳಿ ಚಾಕೊಲೇಟ್ ತುಂಬಿ ಸಿಲ್ವರ್ ಪೇಪರಿನಲ್ಲಿ ಸುತ್ತಿ ಸುಡುವುದು.

“ಬಾಳೆಹಣ್ಣಿಗೆ ಬೆಳ್ಳಿ ಕವಚ ಯಾಕೆ ನನ್ನ ಕಣ್ಣೇ? ಅದೇನ್ ಪಳನಿ ಮುರುಗನಾ?” ಎಂದೆ.

“ತಾತ, ನೀವು ಚುಮ್ಮಾ ಇರಿ. ನಿಮ್ಗೆ ಏನ್ ಬರುತ್ತೆ ಅಡಿಗೆ?”

“ನಾನು ಒಂದು ಕಾಯಿ ಸುಟ್ರೆ ನಿನ್ನ ಗೆಣಸು ನಾಚ್ಕೊಂಡು ಬೂದಿ ಒಳಗೇ ಉಳ್ಕೊಳ್ಳುತ್ತೆ!”

ಅಲ್ಲಿಗೆ ತಂಗಮಣಿ ಸೊಂಟಕ್ಕೆ ಸೆರಗು ಸಿಕ್ಕಿಸಿದಳು. “ಏನುಂಗೋ,” ಎಂದಳು. (ನಿಮ್ಮ ಕಡೆ ಗಂಡನನ್ನು ‘ರೀ’ ಅನ್ನುತ್ತಾರೆ, ನಮ್ಮ ಕಡೆ ‘ಉಂಗೋ’. ಏಟು ಒಂದೇ.) “ಮದ್ವೆ ಆದಾಗಿಂದ ನನ್ನ ಸಾರಲ್ಲಿ ‘ಏನೋ ವಾಸನೆ, ಏನೋ ವಾಸನೆ’ ಅಂತ ಮೂಗು ಮುರೀತೀರಲ್ಲ, ಇವತ್ತು ನೀವು ಸುಡಿ. ಒಬ್ರಾದ್ರೂ ಇನ್ನೊಂದು ಚೂರು ಕೊಡಿ ಅಂತ ಕೇಳ್ಲಿ, ನೀವು ಗೆದ್ರಿ. ಕೇಳ್ದಿದ್ರೆ ಇನ್ಮೇಲೆ ನನ್ನ ಅಡಿಗೆ ಬಗ್ಗೆ ತುಟಿ ಬಿಚ್ಚಕೂಡದು!”

ಸ್ವಾಮಿ, ಪಣ ಸಣ್ಣದಲ್ಲ. ಟೀವಿ ರಿಮೋಟು ಎಂದೋ ಕೈ ಬಿಟ್ಟಿತ್ತು. ಕಿಟಕಿ ಪಕ್ಕದ ನನ್ನ ಮಂಚದಲ್ಲಿ ಇಸ್ತ್ರಿ ಬಟ್ಟೆ ಮಲಗುತ್ತದೆ. ಸಾರಿಗೆ ಮೂಗು ಮುರಿಯುವುದೊಂದೇ ನನಗೆ ಉಳಿದಿದ್ದ ಸಾಮ್ರಾಜ್ಯ.

ಕಾರು ಬಾಗಿಲಿಗೆ ಬಂದಾಗ ನೆನಪಾಯಿತು: ಕೋಲು! ಆಡಿಗೆಂದೇ ಸಂತೆಯಲ್ಲಿ ಹಸಿ ಅಳಿಂಜಿ ಮರದ ಕೋಲು ಮಾರುತ್ತಾರೆ. ತರುವ ಕೆಲಸ ನನ್ನದು. ಮರೆತಿದ್ದೆ ಎಂದರೆ ಯುದ್ಧಕ್ಕೆ ಮೊದಲೇ ಸೋತಂತೆ. ಮೆಲ್ಲಗೆ ಹಿಂದಿನ ಮಗ್ಗದ ಷೆಡ್ಡಿಗೆ ನುಗ್ಗಿದೆ. ಈಗ ಮಗ್ಗ ಓಡಿಸುವುದು ಮಗ ನವನೀತನ್. ಆದರೂ ದಿನಾ ಬೆಳಿಗ್ಗೆ ನಾನು ಹೋಗಿ ಅದಕ್ಕೆ ಎಣ್ಣೆ ಬಿಡದಿದ್ದರೆ ನನಗೆ ಕಾಫಿ ಇಳಿಯದು. ಮೂಲೆಯಲ್ಲಿ ಹಳೆಯ ಕೋಲುಗಳು, ಲಾಳಿಯನ್ನು ಈ ತುದಿಯಿಂದ ಆ ತುದಿಗೆ ಒದೆಯುವಂಥವು, ಎಣ್ಣೆ ಕುಡಿದು ಕುಡಿದು ಎಮ್ಮೆ ಕೊಂಬಿನಂತೆ ಮಿರಮಿರ ಮಿಂಚುತ್ತಿದ್ದವು. ಲಾಳಿಯನ್ನೇ ಒದ್ದವನಿಗೆ ಕಾಯಿ ಯಾವ ಲೆಕ್ಕ? ತುದಿ ಚೂಪು ಮಾಡಿ ಗೋಣಿಯಲ್ಲಿ ಸುತ್ತಿಕೊಂಡೆ.

ತೋಟದಲ್ಲಿ ಆಡಿ ಗಾಳಿ. ಟೆಂಟು ಹಾರಿಕೊಂಡು ಉಡುಮಲೈ ಊರಿಗೆ ಹೊರಟು ನಿಂತಿತ್ತು. ನವನೀತನ್ ಅದರ ಮೇಲೆ ಅಂಗಾತ ಮಲಗಿ ಹಿಡಿದುಕೊಂಡ. ನಾನು ಚಕ್ರವರ್ತಿಯಂತೆ ಕೂತು ಕಾಯಿಯನ್ನು ಬೆಂಕಿಗೆ ಹಿಡಿದೆ.

ಮೊದಲು ಹೊಗೆ ಬಂತು. ಆಮೇಲೆ ಕೋಲು ‘ಚುರ್ರ್’ ಎಂದು ಕಪ್ಪಗೆ ಬೆವರಿತು. ಎಷ್ಟೋ ವರ್ಷ ಕುಡಿದ ಎಣ್ಣೆಯನ್ನೆಲ್ಲ ಆ ಪುಣ್ಯಾತ್ಮ ಒಂದೇ ಸಂಜೆ ಕಕ್ಕಿದ, ನೇರವಾಗಿ ಕಾಯಿಯ ಕಣ್ಣೊಳಕ್ಕೆ! ಹಿಂದೆಯೇ ಜ್ವಾಲೆ ಕೋಲು ಹತ್ತಿಕೊಂಡು ನನ್ನ ಮೀಸೆಯನ್ನು ವಿಚಾರಿಸಲು ಬಂತು. ಎಸೆದೆ. ಢಂ! (ಈ ಸಲ ಪೋತ್ತನೂರಿನಲ್ಲಿ ಏನಾಯಿತೋ ವಿಚಾರಿಸಿಲ್ಲ.)

ಚೂರುಗಳನ್ನು ಆರಿಸಿ ಎಲ್ಲರಿಗೂ ಹಂಚಿದೆ. ನವನೀತನ್ ಒಂದು ಚೂರು ಕಚ್ಚಿ, “ಅಪ್ಪಾ, ಇದು ನಮ್ಮ ಷೆಡ್ಡು!” ಎಂದು ಉಗಿದ.

“ತಾತ, ಇದನ್ನ ತಿನ್ಬೇಡಿ, ಮಂಡಿಗೆ ಹಚ್ಕೊಳ್ಳಿ,” ಎಂದಳು ಧರಣಿ. “ಕಿರಕಿರ ನಿಲ್ಲುತ್ತೆ.”

ತಂಗಮಣಿ ಮಾತ್ರ ತನ್ನ ಚೂರನ್ನು ಮೂಸಿದಳು. ಹುಬ್ಬು ಗಂಟಿಕ್ಕಿ ಮತ್ತೆ ಮೂಸಿದಳು. ಆಮೇಲೆ ಕೈ ಚಾಚಿ, “ಇನ್ನೊಂದು ಚೂರು ಕೊಡಿ,” ಎಂದಳು.

“ಕೇಳಿದ್ಳು! ಕೇಳಿದ್ಳು! ನಾನು ಗೆದ್ದೆ!” ಎಂದು ಮಂಡಿ ನೋವನ್ನೂ ಮರೆತು ಎದ್ದು ಕುಣಿದೆ.

ಅವಳು ಅದನ್ನು ಬಾಯಿಗೆ ಹಾಕಲಿಲ್ಲ. ಒಂದು ಕೈಯಲ್ಲಿ ಚೂರು ಹಿಡಿದು, ಇನ್ನೊಂದರಲ್ಲಿ ನನ್ನ ಬಲಗೈ ಎಳೆದು, ಅದನ್ನು ಮೂಸಿ, ಇದನ್ನು ಮೂಸಿದಳು.

“ಇದೇ! ಧರಣಿ, ಬಾ ಇಲ್ಲಿ, ನೀನೂ ನೋಡು! ಇಷ್ಟು ವರ್ಷ ವಾಸನೆ ಇದ್ದಿದ್ದು ನನ್ನ ಸಾರಲ್ಲಲ್ಲ, ಸಾರು ಕಲಸೋ ಈ ಕೈಯಲ್ಲಿ!”

ಆ ರಾತ್ರಿ ಬೆಳ್ಳಿ ಕವಚದ ಬಾಳೆಹಣ್ಣೇ ನನ್ನ ಊಟ. ಚೆನ್ನಾಗಿತ್ತು ಎಂದು ಧರಣಿಗೆ ಹೇಳಬೇಡಿ.

ಈಗ ನಮ್ಮ ಮನೆಯಲ್ಲಿ ಊಟಕ್ಕೆ ಮುಂಚೆ ತಪಾಸಣೆ ನಡೆಯುತ್ತದೆ. ಸೋಪು ಹಾಕಿ ಕೈ ತೊಳೆದು, ಅವಳ ಮೂಗಿಗೆ ಹಿಡಿದು, ಪಾಸಾದರೆ ಮಾತ್ರ ಎಲೆ. ಇದನ್ನೂ ಸುಳ್ಳು ಅಂತೀರಾ? ತಾಳಿ, ನಿಮಗೊಂದು ಗುಟ್ಟು ಹೇಳುತ್ತೇನೆ. ಕೈ ಸ್ವಚ್ಛವಾದ ಮೇಲೆ ಸಾರಿನ ನಿಜವಾದ ರುಚಿ ತಿಳಿಯುತ್ತಿದೆ. ಅದರಲ್ಲಿ ಉಪ್ಪು...

“ಏನುಂಗೋ! ಎಲೆ ಹಾಕಿ ಆಯ್ತು! ಅಲ್ಲಿ ಯಾರ ಹತ್ರ ಏನ್ ಹೇಳ್ತಾ ಇದ್ದೀರಿ?”

“ನಿನ್ನ ಸಾರಿಗೆ ಸಮ ಇಲ್ಲ ಅಂತಿದ್ದೆ ಕಣೇ! ಬಂದೆ, ಬಂದೆ, ಸೋಪು ಎಲ್ಲಿ?”