ಧರೆಪ್ಪ ಮಾಡಿದ ಆಣೆ

“ನಿನ್ನ ಬಾಯಿಗೆ ಹೊಲಿಗಿ ಹಾಕಬೇಕು, ಧರೆಪ್ಪ. ಹ್ವಾದ ಸಲ ಚಹಾದಂಗಡ್ಯಾಗ ನಿಂತು, ಅಡಗಿಯವನೇ ವಿಷ ಹಾಕ್ಯಾನಂತ ಒದರಿದಿ. ನಾ ಇನ್ನೂ ಪುಸ್ತಕದಾಗ ಕೊಲೀ ತನಕ ಬಂದಿದ್ದಿಲ್ಲ,” ಎಂದು ಅಣ್ಣಾರಾಯ ಗದರಿದ.

“ಖರೇನ ಹೇಳಿದ್ನಲ್ಲ? ಸುಳ್ಳ ಹೇಳೀನೇನು?” ಎಂದ ಧರೆಪ್ಪ.

ಮಹಾರಾಷ್ಟ್ರದ ಗಡಿಯೊಳಗಿನ ಹನ್ನೂರಿನ ವಾಚನಾಲಯದಲ್ಲಿ ಬೆಳಿಗ್ಗೆಯೇ ಈ ಜಗಳ ಎದ್ದಿತ್ತು. ಕಾರಣ ಮೇಜಿನ ಮೇಲಿತ್ತು: ಆಗಷ್ಟೇ ಪಾರ್ಸಲ್ ಬಿಚ್ಚಿ ತೆಗೆದ ಹೊಸ ಕಾದಂಬರಿಗಳು. ಮರಾಠಿ ಪುಸ್ತಕಗಳ ರಾಶಿಯಲ್ಲಿ ಕನ್ನಡದ್ದು ಒಂದೇ ಒಂದು, ಅದೂ ಪತ್ತೇದಾರಿ. ಊರೆಲ್ಲ ಕನ್ನಡ ಆಡುತ್ತದೆ, ಆದರೆ ಕನ್ನಡ ಪುಸ್ತಕಕ್ಕೆ ಬಡಿದಾಡುವವರು ಇವರಿಬ್ಬರೇ.

ಧರೆಪ್ಪನ ಚಟ ಕೆಟ್ಟದ್ದು. ಯಾವ ಪುಸ್ತಕ ಬಂದರೂ ಅವನು ಓದುವುದು ಕೊನೆಯ ಪುಟ ಮಾತ್ರ. ಓದಿದ್ದು ಹೊಟ್ಟೆಯಲ್ಲಿ ನಿಲ್ಲುವುದಿಲ್ಲ, ತೂತು ಬಿದ್ದ ಚೀಲದ ಜೋಳದಂತೆ ಊರ ತುಂಬ ಸುರಿಯುತ್ತದೆ. ಹೀಗಾಗಿ ಅಣ್ಣಾರಾಯ ಇಷ್ಟು ಕಾದಂಬರಿ ಓದಿದರೂ ಒಬ್ಬ ಕೊಲೆಗಾರನನ್ನೂ ತಾನಾಗಿ ಹಿಡಿದಿರಲಿಲ್ಲ. ಇಂದು ಒಬ್ಬನನ್ನಾದರೂ ಹಿಡಿಯಲೇಬೇಕು.

ಆದರೆ ಧರೆಪ್ಪ ಇಂದೂ ಮೊದಲು ಬಂದು ಕೊನೆಯ ಪುಟ ಮುಗಿಸಿಬಿಟ್ಟಿದ್ದ. ಅಣ್ಣಾರಾಯ ಅವನ ರಟ್ಟೆ ಹಿಡಿದು ಎಳೆದೊಯ್ದು, ಗೋಡೆಯ ಮೇಲಿನ ಸಿದ್ದೇಶ್ವರನ ಪಟ ಮುಟ್ಟಿಸಿದ. ಈ ಪುಸ್ತಕದ ಬಗ್ಗೆ ಯಾರ ಮುಂದೆಯೂ, ಯಾವತ್ತೂ ತುಟಿ ಬಿಚ್ಚುವುದಿಲ್ಲವೆಂದು ಆಣೆ ಮಾಡಿಸಿದ.

“ಶೀತಲ, ಲಗೂ ಶಿಕ್ಕಾ ಹೊಡದು ಕೊಡವಾ.”

ವಾಚನಾಲಯ ನೋಡಿಕೊಳ್ಳುವ ಶೀತಲ ಮರಾಠಿ ಶಾಲೆಯಲ್ಲಿ ಕಲಿತವಳು. ಮನೆಮಾತು ಕನ್ನಡವಾದರೂ ಕನ್ನಡ ಅಕ್ಷರ ಅವಳಿಗೆ ರಂಗೋಲಿ ಇದ್ದಂತೆ. ವಾಚನಾಲಯದ ಮುದ್ರೆ ಹೊಡೆದು, ಪುಸ್ತಕ ಮರಳಿಸುವ ತಾರೀಖಿನ ಚೀಟಿಗೆ ಮೈದಾ ಅಂಟು ಬಳಿದು, ಎಲ್ಲ ಪುಸ್ತಕಗಳಿಗೆ ಹಚ್ಚುವಂತೆ ಇದರ ಕೊನೆಯ ಹಾಳೆಗೂ ಹಚ್ಚಿದಳು. ಒತ್ತಿ ಹಿಡಿಯಿರಿ ಕಾಕಾ ಎಂದಳು. ಕತೆಯ ಕೊನೆ ಎಲ್ಲಿ ಕಣ್ಣಿಗೆ ಬಿದ್ದೀತೋ ಎಂದು ಅಣ್ಣಾರಾಯ ಎರಡೂ ಕಣ್ಣು ಬಿಗಿಯಾಗಿ ಮುಚ್ಚಿ ಮುಷ್ಟಿಯಿಂದ ಒತ್ತಿದ.

“ಅಣ್ಣಾರಾಯ, ಅಲ್ಲಿ ಆ ಪುಟದಾಗ…” ಎನ್ನುತ್ತ ಧರೆಪ್ಪ ಎದ್ದ.

“ಆಣಿ ಮಾಡೀದಿ. ಬಾಯಿ ಮುಚ್ಚಿ ಕುಂಡ್ರು.”

ಧರೆಪ್ಪ ಕುಳಿತ.

ಮನೆಗೆ ಬಂದರೆ ಅಣ್ಣಾರಾಯನಿಗೆ ಓದಲು ಬಿಟ್ಟವರು ಯಾರು? ಪಕ್ಕದ ಮನೆಯ ಕಲ್ಯಾಣಮ್ಮ ಚಾಪೆ ತಂದು ಹಾಸಿ, ಜೋರಾಗಿ ಓದು, ನಾನೂ ಕೇಳುತ್ತೇನೆ ಎಂದಳು. ಅವಳ ಹಿಂದೆ ಇನ್ನಾರೋ ಬಂದರು. ಮೊದಲ ಪುಟಕ್ಕೇ, ಅಳಿಯನದೇ ಕೆಲಸ, ಅಳಿಯಂದಿರೇ ಹಾಗೆ ಎಂದು ಕಲ್ಯಾಣಮ್ಮ ತೀರ್ಪು ಕೊಟ್ಟಳು. ಹೆಂಡತಿಗೆ ಸೀರೆ ತರುತ್ತೇನೆಂದು ಹೇಳಿ ಅಣ್ಣಾರಾಯ ಸೊಲ್ಲಾಪುರದ ಬಸ್ಸು ಹಿಡಿದ.

ದಾರಿಯಲ್ಲಿ ಕುಂಭಾರಿ ದಾಟುವಷ್ಟರಲ್ಲಿ ಕತೆಯಲ್ಲಿ ಎರಡು ಕೊಲೆ ಆಗಿದ್ದವು. ಸೊಲ್ಲಾಪುರದ ನವಿ ಪೇಠದಲ್ಲಿ ಹೆಂಡತಿಯ ತಮ್ಮ ಯೋಗಿರಾಜನ ಬಟ್ಟೆ ಅಂಗಡಿ. ಅಲ್ಲಿ ಗಂಟುಗಳ ನಡುವೆ ಕುಳಿತು ಓದಿದ. ಊಟ ಬೇಡವೆಂದ. ಚಹಾ ಆರಿತು. ಒಮ್ಮೆ ಅಳಿಯನ ಮೇಲೆ ಅನುಮಾನ, ಒಮ್ಮೆ ಡಾಕ್ಟರನ ಮೇಲೆ. ಕುಂಡಿಯ ಕೆಳಗೆ ಇರುವೆ ಗೂಡು ಇದ್ದವನಂತೆ ಜಾಗ ಬದಲಿಸುತ್ತಲೇ ಇದ್ದ. ಕಡೆಗೆ ಪೊಲೀಸ್ ಸಾಹೇಬ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ, “ಕೊಲೆಗಾರ ಇಲ್ಲೇ ಇದ್ದಾನೆ, ಅವನೇ…” ಎಂದು ಬೆರಳು ಎತ್ತಿದ.

ಅಣ್ಣಾರಾಯ ಹಾಳೆ ತಿರುವಿದ. ಅಲ್ಲಿ ಹಾಳೆ ತುಂಬ ತಾರೀಖಿನ ಚೀಟಿ ಇತ್ತು.

ಉಳಿದೆಲ್ಲ ಪುಸ್ತಕಗಳಲ್ಲಿ ಕೊನೆಯ ಹಾಳೆ ಖಾಲಿ ಇರುತ್ತಿತ್ತು. ಇದರಲ್ಲಿ ಕತೆ ಅಲ್ಲಿಯವರೆಗೂ ಹೋಗಿತ್ತು. ಸೀರೆಯ ಮೇಲಿನ ಚೀಟಿ ಕಿತ್ತು ರೂಢಿಯಿದ್ದ ಯೋಗಿರಾಜ, ನೀರು ಹಚ್ಚಿದರೆ ತಾನೇ ಬರುತ್ತದೆ ಮಾವಾ ಎಂದು ಹಚ್ಚಿದ. ಬಂತು, ಅಕ್ಷರಗಳನ್ನೂ ಕರೆದುಕೊಂಡು ಬಂತು. ಉಳಿದದ್ದು ಅಂಬಲಿಯಂಥ ಮುದ್ದೆ.

ಸೀರೆ ಮರೆತು ಅಣ್ಣಾರಾಯ ಓಡಿ ಬಂದಾಗ ವಾಚನಾಲಯ ಮುಚ್ಚುವ ಹೊತ್ತು. ಧರೆಪ್ಪ ಮೂಲೆಯಲ್ಲಿ ಕುಳಿತಿದ್ದ, ಮುಚ್ಚಳ ಬಿಗಿದ ಕುಕ್ಕರಿನಂತೆ ಉಬ್ಬಿ.

“ಯಾರು ಹೇಳೋ. ಅಳಿಯನೋ, ಡಾಕ್ಟರನೋ? ಬರೇ ತಲಿ ಅಲ್ಲಾಡಿಸಿದ್ರ ಸಾಕು.”

“ಮುಂಜಾನಿ ಚೀಟಿ ಕತಿ ಮ್ಯಾಲ ಬಿತ್ತಂತ ಹೇಳಾಕ ಎದ್ದಿದ್ದೆ. ಬಾಯಿ ಮುಚ್ಚಿಸಿದಿ.”

“ಆಣಿ ನಾ ವಾಪಸ್ ತಗೋತೀನಿ.”

“ಮಾಡಿಸಿದಾಂವ ನೀ. ಪಟ ಮುಟ್ಟಿದಾಂವ ನಾ.”

ಧರೆಪ್ಪ ಎದ್ದು ಚಪ್ಪಲಿ ಮೆಟ್ಟಿ ಹೊರಟುಹೋದ. ಅವನ ನಾಲಿಗೆಯ ತುರಿಕೆ ತನಗೆ ಗೊತ್ತಿಲ್ಲವೇ, ಓಣಿ ದಾಟುವ ಮೊದಲೇ ತಿರುಗಿ ಬರುತ್ತಾನೆ ಎಂದು ಅಣ್ಣಾರಾಯ ಬಾಗಿಲು ನೋಡುತ್ತ ಕುಳಿತ. ಶೀತಲ ಕಿಟಕಿ ಮುಚ್ಚಿದಳು, ಫ್ಯಾನ್ ಆರಿಸಿದಳು, ಕೀಲಿ ಹಿಡಿದು ನಿಂತಳು.

ಧರೆಪ್ಪ ಬರಲಿಲ್ಲ.