ಟೀಚರಮ್ಮನ ಕುತ್ತಿಗೆಯೊಳಗಿನ ಅಯೋಡಿನ್

ಕಣ್ಣಿಗೆ ಕಾಣದ್ದನ್ನು ಕಂಡ ಹಾಗೆ ಹೇಳುವ ಕಸುಬು ನಮ್ಮ ಸೀಮೆಯಲ್ಲಿ ಇಬ್ಬರದು. ಒಬ್ಬರು ದೆವ್ವ ಬಿಡಿಸುವವರು, ಇನ್ನೊಬ್ಬಳು ನಾನು. ಆಂಧ್ರದ ಗಡಿಯೊಳಗೆ, ಆಸ್ಪರಿ ಕಡೆಯ ಒಂದು ಹಳ್ಳಿಯ ಸರ್ಕಾರಿ ಹೈಸ್ಕೂಲಿನಲ್ಲಿ ಕನ್ನಡ ಮೀಡಿಯಂ ಮಕ್ಕಳಿಗೆ ವಿಜ್ಞಾನ ಹೇಳುತ್ತೇನೆ, ಮನೆ ಆದೋನಿಯಲ್ಲಿ. ಬೆಳಕಿನ ಪಾಠ, ಆಮ್ಲ ಕ್ಷಾರದ ಪಾಠ ಎಲ್ಲ ತಣ್ಣಗೆ ಮುಗಿಯುತ್ತವೆ. ಪರಮಾಣುವಿನ ಪಾಠ ಶುರುವಾಯಿತೋ, ಏನಾದರೊಂದು ಆಗದೆ ಇರುವುದಿಲ್ಲ. ಈ ಸಲವಂತೂ ಅದು ಶಾಲೆಯ ಗೇಟು ದಾಟಿ ನನ್ನ ಹಿಂದೆಯೇ ಮನೆಗೆ ಬಂತು. ನನ್ನ ಕೈಯಲ್ಲಿ ಬೆಳೆದ ತಂಗಿಯ ಸೀಮಂತದ ಕುಬಸಕ್ಕೆ ನಾನೇ ಹೋಗದ ಹಾಗೆ ಆಗುವುದರಲ್ಲಿತ್ತು. ಮೊದಲಿಂದ ಹೇಳುತ್ತೇನೆ.

ಖಾಲಿ

ಮಧ್ಯಾಹ್ನದ ಕೊನೆಯ ಪೀರಿಯಡ್. ಹೊರಗೆ ಒಂದು ಎಲೆಯೂ ಅಲ್ಲಾಡುತ್ತಿರಲಿಲ್ಲ.

"ನಮ್ಮ ಶಾಲೆಯ ಬಯಲಿನ ನಡುವೆ ಒಂದು ಎಳ್ಳುಕಾಳು ಇಟ್ಟೆವು ಅನ್ನಿ. ಅದು ನ್ಯೂಕ್ಲಿಯಸ್. ಪ್ರೋಟಾನು, ನ್ಯೂಟ್ರಾನು ಎಲ್ಲ ಅದರಲ್ಲೇ. ಎಲೆಕ್ಟ್ರಾನು ಎಲ್ಲಿ? ಕಾಂಪೌಂಡಿನ ಆಚೆ, ಆ ಹತ್ತಿ ಹೊಲದ ಬದುವಿನ ಹತ್ತಿರ. ನಡುವೆ ಏನಿದೆ?"

"ಏನೂ ಇಲ್ಲ ಟೀಚರ್."

"ಎಲ್ಲವೂ ಪರಮಾಣುವಿಂದಲೇ ಆಗಿದೆ. ಅಂದ ಮೇಲೆ ಈ ಗೋಡೆ ಬಹುಪಾಲು ಖಾಲಿ. ಬೆಂಚು ಖಾಲಿ. ನೀವೂ ಖಾಲಿ, ನಾನೂ ಖಾಲಿ."

ಕ್ಲಾಸು ಒಮ್ಮೆಲೇ ಸ್ತಬ್ಧವಾಯಿತು. ನನಗೆ ಖುಷಿ, ಪಾಠ ನಾಟಿತು ಅಂತ. ಗೋಡೆಗೆ ಒರಗಿ ಕೂತಿದ್ದ ಮಕ್ಕಳು ಒಬ್ಬೊಬ್ಬರೇ ಮೆಲ್ಲಗೆ ಮುಂದೆ ಸರಿದರು. ಹಿಂದಿನ ಬೆಂಚಿನ ಒಬ್ಬ ಹುಡುಗಿ ಪಕ್ಕಕ್ಕೆ ತಿರುಗದೆ, ಸಣ್ಣ ದನಿಯಲ್ಲಿ ಕೇಳಿದಳು: "ಟೀಚರ್, ಹಂಗಾದ್ರ ನನ್ನ ಬಾಜೂಕ ಕುಂತಾಕಿ ಯಾರು?"

ಬಾಜೂಕ ಕೂತವಳು "ನಾನs, ನಾನs ಅದೀನಿ!" ಎಂದು ಅಳತೊಡಗಿದಳು.

ಮಾರನೆಯ ದಿನ ಆ ಅತ್ತ ಹುಡುಗಿಯ ಅಪ್ಪ ಬಂದರು. ಟವಲ್ಲು ಹೆಗಲಿನಿಂದ ಇಳಿಸಿ, ಬಹಳ ಮರ್ಯಾದೆಯಿಂದ ಹೇಳಿದರು: "ಟೀಚರಮ್ಮ, ನಮ್ಮ ಹುಡುಗಿ ನಿನ್ನೆಯಿಂದ ಮಂಚದ ಮ್ಯಾಲ ಕುಂದ್ರವಲ್ಲಳು. ಒಳಗೇನಿಲ್ಲ, ಕೆಳಗ ಹೊಂಟೋಗ್ತೀನಿ ಅಂತಾಳ. ನೀವು ಒಳಗಿಂದ ಏನು ತೆಗದೀರೋ ನನಗ ತಿಳಿಯಂಗಿಲ್ಲ. ಇವತ್ತು ಅದನ್ನ ತಿರುಗಿ ಇಟ್ಟುಬಿಡ್ರಿ."

ಉಪ್ಪು

ಅದೇ ವಾರ ಅಯಾನುಗಳ ಪಾಠ. ಸೋಡಿಯಂ ನೀರಿಗೆ ಬಿದ್ದರೆ ಸಿಡಿಯುತ್ತದೆ. ಕ್ಲೋರಿನ್ ಹಳದಿ ಹಸಿರು ಬಣ್ಣದ ಗಾಳಿ, ಎದೆಗೆ ಹೊಕ್ಕರೆ ಉಸಿರು ಕಟ್ಟಿಸುತ್ತದೆ. ಸೋಡಿಯಂ ತನ್ನ ಹೊರಗಿನ ಒಂದು ಎಲೆಕ್ಟ್ರಾನು ಕೊಟ್ಟು ಧನ ಅಯಾನು ಆಗುತ್ತದೆ, ಕ್ಲೋರಿನ್ ಅದನ್ನು ತೆಗೆದುಕೊಂಡು ಋಣ ಅಯಾನು ಆಗುತ್ತದೆ. ಎರಡೂ ಒಂದನ್ನೊಂದು ಬಿಗಿಯಾಗಿ ಹಿಡಿದುಕೊಳ್ಳುತ್ತವೆ. "ಅದನ್ನೇ ನೀವು ದಿನಾ ತಿನ್ನೋದು," ಎಂದೆ ನಾನು, ದನಿ ಸ್ವಲ್ಪ ಇಳಿಸಿ. ಇಂಥ ಕಡೆ ದನಿ ಇಳಿಸುವುದು ನನಗೆ ಇಷ್ಟ.

ಕಿಟಕಿಯ ಕೆಳಗೆ ಬಿಸಿಯೂಟದ ಅಡುಗೆಯಮ್ಮ ಅಕ್ಕಿ ತೊಳೆಯುತ್ತಿದ್ದದ್ದು ನನಗೆ ಗೊತ್ತಿರಲಿಲ್ಲ.

ಅವತ್ತು ಸಾಂಬಾರಿಗೆ ಉಪ್ಪಿಲ್ಲ, ಪಲ್ಯಕ್ಕೆ ಉಪ್ಪಿಲ್ಲ. ಹೆಡ್ಮಾಸ್ಟರು ತಟ್ಟೆ ಹಿಡಿದುಕೊಂಡೇ ಅಡುಗೆಮನೆಗೆ ಬಂದರು. ಅಡುಗೆಯಮ್ಮ ಸೌಟು ಕೆಳಗಿಟ್ಟು ಹೇಳಿದಳು: "ನಾ ಹಾಕಂಗಿಲ್ಲ ಸಾರ್. ಅದರಾಗ ಒಂದು ಸಿಡಿತೈತಂತ, ಇನ್ನೊಂದು ಉಸಿರು ಹಿಡಿತೈತಂತ. ಟೀಚರಮ್ಮನ ಬಾಯಿಂದನೇ ಕೇಳೀನಿ."

ನಾನು ಓಡಿಹೋಗಿ ಬಿಡಿಸಿ ಹೇಳಿದೆ. "ಅಮ್ಮಾ, ಒಂದು ಎಲೆಕ್ಟ್ರಾನು ಅತ್ತಿತ್ತ ಆದ ಮೇಲೆ ಎರಡರ ಹಳೇ ಗುಣನೂ ಹೋಗಿಬಿಡ್ತೈತಿ. ಕೂಡಿದ ಮ್ಯಾಲ ಎರಡೂ ಸೌಮ್ಯ."

ಆಕೆ ನನ್ನನ್ನು ಕನಿಕರದಿಂದ ನೋಡಿದಳು. "ಕೂಡಿದ ಮ್ಯಾಲ ಸೌಮ್ಯ ಆಕ್ಕಾಳ ಅಂತ ಇದೇ ಮಾತು ಹೇಳಿ ನಮ್ಮಣ್ಣಗ ಹೆಣ್ಣು ತಂದಾರ. ಒಂದಿನ ನಮ್ಮನಿಗೆ ಬಂದು ನೋಡ್ರಿ."

ಮಾತ್ರೆ

ಐಸೋಟೋಪು ಅಂದರೆ ನಿಜಕ್ಕೂ ದೆವ್ವದ ಕಥೆಯೇ. ಪ್ರೋಟಾನು ಅಷ್ಟೇ ಇರುವುದರಿಂದ ಹೆಸರು ಅದೇ, ಗುಣ ಅದೇ. ನ್ಯೂಟ್ರಾನು ಮಾತ್ರ ಹೆಚ್ಚುಕಡಿಮೆ. ನನಗೆ ಥೈರಾಯ್ಡ್ ಮಿತಿಮೀರಿ, ಎದೆ ಡವಡವ ಹೊಡೆದುಕೊಂಡು, ಕೈಯಲ್ಲಿ ಸೀಮೆಸುಣ್ಣ ನಿಲ್ಲದೆ ಹೋದಾಗ ಡಾಕ್ಟರು ಬರೆದದ್ದು ಅಂಥದ್ದೊಂದು ಅಯೋಡಿನ್ನು. ಮಾಮೂಲಿ ಅಯೋಡಿನ್ನಿಗಿಂತ ನಾಲ್ಕು ನ್ಯೂಟ್ರಾನು ಹೆಚ್ಚು. ಕುತ್ತಿಗೆಯ ಗ್ರಂಥಿಗೆ ಅದರ ಗುರುತು ಹತ್ತುವುದಿಲ್ಲ. ನಮ್ಮವರೇ ಬಂದರು ಎಂದು ಬಾಗಿಲು ತೆಗೆದು ಒಳಗೆ ಕೂರಿಸಿಕೊಳ್ಳುತ್ತದೆ. ಆಮೇಲೆ ಅದು ಒಳಗೆ ಕೂತು ಮೆಲ್ಲಗೆ ಸುಡುತ್ತದೆ. ಇದನ್ನು ಬೋರ್ಡಿನ ಮೇಲೆ ಎಷ್ಟೋ ಸಲ ಬರೆದಿದ್ದೇನೆ. ನುಂಗುವ ಸರದಿ ಬಂದದ್ದು ಇದೇ ಮೊದಲು.

ಆಸ್ಪತ್ರೆಯ ಆ ಕೋಣೆಗೆ ಕಿಟಕಿ ಇರಲಿಲ್ಲ. ಒಬ್ಬ ಮನುಷ್ಯ ಸೀಸದ ಡಬ್ಬಿ ತಂದು ಮೇಜಿನ ಮೇಲಿಟ್ಟ. ಉದ್ದನೆಯ ಚಿಮಟದಿಂದ ಮಾತ್ರೆ ತೆಗೆದು ಲೋಟಕ್ಕೆ ಹಾಕಿದ. ನಾನು ಲೋಟ ಎತ್ತಿ ತಲೆ ಎತ್ತುವಷ್ಟರಲ್ಲಿ ಕೋಣೆಯಲ್ಲಿ ಯಾರೂ ಇರಲಿಲ್ಲ. ದಪ್ಪ ಬಾಗಿಲಿನ ಆಚೆಯಿಂದ ದನಿ ಮಾತ್ರ ಬಂತು: "ಏಂ ಕಾದು ಮೇಡಂ, ಧೈರ್ಯಂಗಾ ಉಂಡಂಡಿ!" ಏನೂ ಆಗಲ್ಲ, ಧೈರ್ಯವಾಗಿರಿ ಅಂತ. ಆತನ ಧೈರ್ಯ ಆಗಲೇ ವರಾಂಡ ದಾಟಿತ್ತು.

ಹೊರಡುವಾಗ ಡಾಕ್ಟರು ಹೇಳಿದ್ದು ಇಷ್ಟು: ನಾನು ಹೇಳುವ ತನಕ ಬಸುರಿಯರ ಹತ್ತಿರ, ಎಳೆಮಕ್ಕಳ ಹತ್ತಿರ ಸುಳಿಯಬೇಡಿ. ತಂಗಿಗೆ ಮೊದಲ ಬಸಿರು. ಹಸಿರು ಸೀರೆ ಉಡಿಸಿ, ಬಳೆ ತೊಡಿಸಿ ಕುಬಸ ಮಾಡಲು ಮುಂದಿನ ತಿಂಗಳಿಗೆ ದಿನ ಗೊತ್ತಾಗಿತ್ತು. ಅವ್ವ ಇಲ್ಲ, ತವರಿನ ಬಳೆ ತೊಡಿಸಬೇಕಾದವಳು ನಾನೇ.

ಬೇವು

ಯಜಮಾನರದು ಬಳ್ಳಾರಿಯಲ್ಲಿ ನೌಕರಿ. ಮನೆಯಲ್ಲಿ ನಾನು, ನಮ್ಮ ಸೋದರತ್ತೆ. ನಾನು ಬೀದಿಕಡೆಯ ಕೋಣೆ ಸೇರಿದೆ. ಅತ್ತೆ ತಟ್ಟೆಯನ್ನು ಹೊಸ್ತಿಲಲ್ಲಿಟ್ಟು ಹೋಗುತ್ತಿದ್ದಳು. ಓಣಿಯ ಹೆಂಗಸರು ಸುಮ್ಮನಿರುತ್ತಾರೆಯೇ? ಕಂಕುಳಲ್ಲಿ ಕೂಸು ಎತ್ತಿಕೊಂಡೇ ಬಂದರು. ಕಿಟಕಿಯೊಳಗಿಂದ ನಾನು ನ್ಯೂಟ್ರಾನು, ವಿಕಿರಣ ಎಂದು ಗಂಟಲು ಹರಿಯುವಂತೆ ಹೇಳಿದೆ. "ಹೌದಾ ಟೀಚರಮ್ಮ, ಪಾಪ," ಎನ್ನುತ್ತ ಇನ್ನೂ ಹತ್ತಿರ ಬಂದು ಕಿಟಕಿಯ ಸರಳು ಹಿಡಿದು ನಿಂತರು.

ಅತ್ತೆ ಎದ್ದಳು. ಹಿತ್ತಲಿಗೆ ಹೋಗಿ ಬೇವಿನ ಸೊಪ್ಪು ಮುರಿದು ತಂದು ತಲೆಬಾಗಿಲಿಗೆ ಸಿಗಿಸಿದಳು. ಅಷ್ಟೇ. ಮೈಮೇಲೆ ಗುಳ್ಳೆ ಎದ್ದು ಅಮ್ಮ ಬಂದ ಮನೆಗೆ ನಮ್ಮಲ್ಲಿ ಹಾಗೆ ಬೇವು ಕಟ್ಟುತ್ತಾರೆ. ಅಂಥ ಮನೆಯ ಕಡೆ ಬಸುರಿ, ಬಾಣಂತಿ, ಕೂಸು ಯಾರೂ ತಿರುಗಿ ನೋಡುವುದಿಲ್ಲ. ಅರ್ಧ ಗಂಟೆಯಲ್ಲಿ ಓಣಿ ಖಾಲಿಯಾಯಿತು. ನನಗೆ ಸಿಟ್ಟು ಬಂತು, ಆದರೆ ವಿಕಿರಣ ಸುರಕ್ಷತೆ ಇಷ್ಟು ಚೆನ್ನಾಗಿ ಪಾಲನೆಯಾದದ್ದನ್ನು ನಾನು ಎಲ್ಲೂ ಕಂಡಿಲ್ಲ.

ಒಂದು ಸಂಜೆ ಕರೆಂಟು ಹೋಗಿತ್ತು. ತಲೆ ಸ್ನಾನ ಮಾಡಿ ಕೂದಲು ಬಿಟ್ಟುಕೊಂಡು ಕಿಟಕಿಯ ಒಳಗೆ ಕೂತಿದ್ದೆ. ಎದುರುಮನೆಯ ಮುದುಕಿ ಬಂದು, ಗೋಡೆಯ ಪಕ್ಕ ನಿಂತು ನನಗೆ ಕೈಮುಗಿದಳು. "ಅಮ್ಮಾ ತಾಯಿ, ನನ್ನ ಅಳಿಯಗ ಬುದ್ಧಿ ಯಾವಾಗ ಬರ್ತೈತಿ?"

"ಅಜ್ಜಿ, ಅಲ್ಲಿ ನಿಂದ್ರಬ್ಯಾಡ. ಹಿಂದಕ್ಕ ಸರಿ!" ಎಂದೆ. ಮುದುಕರಾದರೂ ಅಷ್ಟು ಹತ್ತಿರ ಯಾಕೆ ಅಂತ.

ಅವಳು ಹಿಂದೆ ಸರಿದಳು. ಅವಳು ನಿಂತಿದ್ದ ಜಾಗಕ್ಕೆ ಸರಿಯಾಗಿ, ಮಾಳಿಗೆಯ ಮೋಟುಗೋಡೆಯ ಒಂದು ಕಲ್ಲು ದೊಪ್ಪನೆ ಬಿತ್ತು.

ಮೇಲೆ ಕೋತಿಯಿತ್ತೋ ಏನೋ, ನಾನು ನೋಡಲಿಲ್ಲ. ನೋಡಲು ಧೈರ್ಯವೂ ಆಗಲಿಲ್ಲ. ಮುದುಕಿ ಆ ಕಲ್ಲನ್ನೂ ನನ್ನನ್ನೂ ನೋಡಿ, ಅಲ್ಲೇ ಅಡ್ಡಬಿದ್ದಳು.

ಬೆಳಗ್ಗೆ ಎದ್ದರೆ ಬಾಗಿಲ ಮುಂದೆ ಸಾಲಾಗಿ ತೆಂಗಿನಕಾಯಿ. ನಾನು ತಲೆ ಚಚ್ಚಿಕೊಂಡೆ. ಅತ್ತೆ ಸೆರಗಿನಲ್ಲಿ ಕಾಯಿ ತುಂಬಿಕೊಳ್ಳುತ್ತ ಹೇಳಿದಳು: "ಆ ನ್ಯೂಟ್ರಾನೋ ಏನೋ, ಇನ್ನೊಂದು ನಾಕು ದಿನ ಇರಾಕ ಹೇಳು. ಚಟ್ನಿಗೆ ಕೊರತಿಲ್ಲ."

ಅರ್ಧ

ಕುಬಸಕ್ಕೆ ಒಂದು ವಾರ ಇರುವಾಗ ಡಾಕ್ಟರು ಪರೀಕ್ಷೆ ಮಾಡಿ, ಇನ್ನು ಯಾರ ಹತ್ತಿರ ಹೋದರೂ ಭಯವಿಲ್ಲ ಎಂದರು. ಕುಬಸದ ದಿನ ಹಸಿರು ಸೀರೆ, ಬಳೆ, ಸಿಹಿ ಬುತ್ತಿ ಹೊತ್ತುಕೊಂಡು ಅತ್ತೆಯೂ ನಾನೂ ಗೋನೆಗಂಡ್ಲದ ಬೀಗರ ಮನೆ ಮುಟ್ಟಿದೆವು. ನನಗಿಂತ ಮೊದಲು ಬೇವಿನ ಸುದ್ದಿ ಮುಟ್ಟಿತ್ತು. ನಾನು ಅಂಗಳಕ್ಕೆ ಕಾಲಿಟ್ಟ ಕೂಡಲೇ ಎಲ್ಲರೂ ಹಿಂದೆ ಸರಿದರು. ತಾಯಂದಿರು ಕೂಸುಗಳನ್ನು ಸೆರಗಿನೊಳಗೆ ಎಳೆದುಕೊಂಡರು. ತಂಗಿಯ ಅತ್ತೆ, ನಮ್ಮ ಬೀಗತಿ, ಬಾಗಿಲಿಗೆ ಅಡ್ಡಲಾಗಿ ನಿಂತರು.

"ಟೀಚರಮ್ಮ, ತಪ್ಪು ತಿಳಕಬ್ಯಾಡ್ರಿ. ನಿಮಗ ಅಮ್ಮ ಬಂದಿತ್ತಂತ?"

"ಅಮ್ಮ ಅಲ್ರಿ ಅಕ್ಕಾರ, ಔಷಧಿ."

"ಏನರ ಇರ್ಲಿ. ಪೂರಾ ಹೋಗೈತಿ ಅಂತ ಒಂದು ಮಾತು ಅನ್ರಿ, ಒಳಗ ಬರ್ರಿ."

ಒಂದು ಮಾತು. ಅವರ ಭುಜದ ಆಚೆ ತಂಗಿ ಮಣೆಯ ಮೇಲೆ ಕೂತು, ಕತ್ತು ಚಾಚಿ ನನ್ನನ್ನೇ ನೋಡುತ್ತಿದ್ದಳು. ಅವಳ ಕಣ್ಣು ತುಂಬಿದ್ದವು. ಬೇರೆ ಯಾರಾದರೂ ಆಗಿದ್ದರೆ "ಹೋಗೈತಿ" ಅಂದು ಒಳಗೆ ನುಗ್ಗುತ್ತಿದ್ದರು. ಹಾಳು ಮೇಷ್ಟ್ರ ಬಾಯಿ ನನ್ನದು.

"ಪೂರಾ ಅಂತ ಹೇಳಾಕ ಬರಂಗಿಲ್ರಿ. ಎಂಟು ದಿನಕ್ಕ ಅರ್ಧ ಹೋಗತೈತಿ. ಇನ್ನೆಂಟು ದಿನಕ್ಕ ಉಳಿದಿದ್ದರಾಗ ಅರ್ಧ. ಆಮ್ಯಾಲ ಅದರಾಗ ಅರ್ಧ. ಈಗ ಇರೂದು ಲೆಕ್ಕಕ್ಕಿಲ್ಲ, ಡಾಕ್ಟರೂ ಹೇಳ್ಯಾರ. ಆದ್ರ ಪೂರಾ ಅಂದ್ರ ಸುಳ್ಳಾಕೈತಿ."

ನನ್ನ ಹಿಂದೆ ನಮ್ಮ ಅತ್ತೆ ಹಣೆ ಹಣೆ ಬಡಿದುಕೊಂಡಳು. ಒಳಗಿನಿಂದ ತಂಗಿ "ಅಕ್ಕಾ..." ಎಂದಳು. ಬಳೆಯ ಗಂಟನ್ನು ಹೊಸ್ತಿಲ ಮೇಲಿಟ್ಟು ತಿರುಗಿ ಹೋಗುವುದೇ ಸರಿ ಎಂದು ಬಗ್ಗಿದೆ.

ಬೀಗತಿ ಯೋಚನೆ ಮಾಡುತ್ತಿದ್ದರು. "ಅರ್ಧ ಹೋಗಿ ಅರ್ಧ ಉಳಿತೈತಿ ಅಂತೀರಿ."

"ಹೌದ್ರಿ."

"ಉಳಿದಿದ್ದು ಯಾರಿಗೂ ತ್ರಾಸು ಕೊಡಂಗಿಲ್ಲ."

"ಇಲ್ರಿ."

"ಅಯ್ಯ, ಇದಕ್ಕ್ಯಾಕ ಇಷ್ಟು ಗಾಬರಿ! ನಮ್ಮತ್ತಿ ಸತ್ತು ಎಷ್ಟೊಂದು ವರ್ಷಾತು, ಆಕಿನೂ ಪೂರಾ ಹೋಗಿಲ್ಲ. ಬರ್ರಿ ಒಳಗ."

ಎಲ್ಲರೂ ಗೊಳ್ಳೆಂದು ನಕ್ಕರು. ನಾನೂ ನಕ್ಕೆ, ಕಣ್ಣೊರೆಸಿಕೊಂಡೆ, ತಂಗಿಯ ಮುಂದೆ ಕೂತೆ. ಇಷ್ಟು ದಿನ ಮುಟ್ಟದಿದ್ದ ಅವಳ ಕೈ ಹಿಡಿದು ಮೊದಲ ಹಸಿರು ಬಳೆ ಏರಿಸತೊಡಗಿದೆ. ಹೆಂಗಸರೆಲ್ಲ ಪಡಸಾಲೆಯಲ್ಲಿ ನಮ್ಮ ಸುತ್ತ ಸೇರಿದ್ದರು. ಅಡುಗೆಮನೆಯಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ.

ಅಲ್ಲಿ ಠಣ್ ಎಂದು ಒಂದು ಮುಚ್ಚಳ ಬಿತ್ತು. ಬಿದ್ದದ್ದು ನಿಲ್ಲದೆ ನೆಲದ ಮೇಲೆ ಗಿರಗಿರ ತಿರುಗತೊಡಗಿತು. ನನ್ನ ಕೈಯಲ್ಲಿದ್ದ ಬಳೆ ಅರ್ಧದಲ್ಲೇ ನಿಂತಿತು.

ಬೀಗತಿ ತಿರುಗಿಯೂ ನೋಡದೆ, ಅಕ್ಷತೆಯ ತಟ್ಟೆ ನನ್ನ ಕಡೆ ಸರಿಸುತ್ತ ಗದರಿದರು: "ಬಂದೆ ತಡೀರಿ ಅತ್ತೀ. ಬೀಗರು ಬಂದಾರ, ಒಂದೀಟು ಸುಮ್ಮನಿರ್ರಿ!"

ಮುಚ್ಚಳ ತಟ್ಟನೆ ನಿಂತಿತು.